ಹಾದಿ ತಪ್ಪಿದ ಬಸವನಹುಳಗಳು

ದೇವಿಕೊಪ್ಪದಲ್ಲಿ ಮೈಮೇಲೆ ಬಣ್ಣವಿರುವ ಪ್ರಾಣಿಗೆ ಒಬ್ಬ ಒಡೆಯ ಇದ್ದೇ ಇರುತ್ತಾನೆ. ಕೊಂಬಿಗೆ ಹಸಿರು ಬಳಿದ ಎಮ್ಮೆ ಹಜರತಅಲಿಯದು, ಬೆನ್ನ ಮೇಲೆ ಕೆಂಪು ಪಟ್ಟೆಯಿರುವ ಆಡು ಮಲ್ಲಕ್ಕನದು, ಹೀಗೆ. ಅಂಥದೊಂದು ಪ್ರಾಣಿ ದಾರಿ ತಪ್ಪಿ ಯಾರದೋ ಕಬ್ಬಿನ ಹೊಲದ ಬದುವಿನಲ್ಲಿ ನಿಂತಿದ್ದರೆ, ಕಂಡವರು ಕೈಯಲ್ಲಿದ್ದ ಕೆಲಸ ಬಿಟ್ಟು ಅದನ್ನು ಹೊಡೆದುಕೊಂಡು ಹೋಗಿ ಅದರ ಮನೆಯ ಗೂಟಕ್ಕೆ ಕಟ್ಟಿ ಬರುತ್ತಾರೆ. ಕಟ್ಟಿ ಬಂದೆ ಎಂದು ಹೇಳುವ ರೂಢಿ ಇಲ್ಲ. ಹೇಳಿದರೆ ಮಾಡಿದ ಉಪಕಾರಕ್ಕೆ ಡಂಗುರ ಸಾರಿದಂತೆ. ಒಡೆಯನೂ ಸಂಜೆ ಬಂದು ಗೂಟ ನೋಡಿ, ದನ ಇದೆಯಲ್ಲ ಎಂದು ಒಳಗೆ ಹೋಗುತ್ತಾನೆ. ಈ ರೂಢಿಯನ್ನು ಮೊದಲೇ ಹೇಳದಿದ್ದರೆ ನೀವು ಗುರವ್ವನನ್ನು ಬೈದುಕೊಳ್ಳುತ್ತೀರಿ. ಅದು ನ್ಯಾಯವಲ್ಲ.

ಗುರವ್ವನಿಗೆ ಅರವತ್ತೆರಡು. ಗಂಡ ಶಂಕ್ರಪ್ಪ, ಮಗ, ಸೊಸೆ, ನಾಲ್ಕು ಎಕರೆ ಭತ್ತ, ಎರಡು ಎಕರೆ ಕಬ್ಬು, ಎರಡು ಎಮ್ಮೆ. ಯಾವುದಕ್ಕೂ ಕೊರತೆಯಿಲ್ಲದ ಮನೆ. ದಿನಾ ಮುಂಜಾನೆ ಎಮ್ಮೆಗಳನ್ನು ಮುಂದೆ ಹಾಕಿಕೊಂಡು, ಅರಿವೆಯ ಬುಟ್ಟಿ ಹೊತ್ತು ಅವಳು ಹೊಳೆಗೆ ಹೋಗುತ್ತಾಳೆ. ಮನೆಗೆ ವಾಷಿಂಗ್ ಮಷಿನ್ ಬಂದು ಎರಡು ವರ್ಷವಾಯಿತು, ಸೊಸೆ ಶೈಲಶ್ರೀ ತನ್ನವನ್ನೂ ಗಂಡನವನ್ನೂ ಅದರಲ್ಲೇ ಹಾಕುತ್ತಾಳೆ. ಗುರವ್ವನಿಗೆ ಮಷಿನ್ನಿನ ಮೇಲೆ ಸಿಟ್ಟೇನಿಲ್ಲ. ಆದರೆ ಅದರ ಮುಂದೆ ಕೂತು ಯಾರ ಜೊತೆ ಹರಟೆ ಹೊಡೆಯುವುದು ಎಂಬುದು ಅವಳ ಪ್ರಶ್ನೆ.

ಸಂಕ್ರಾಂತಿ ಕಳೆದ ವಾರ ಆ ಹುಡುಗಿ ಬಂದಳು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಒಗೆಯುವ ಕಲ್ಲುಗಳ ನಡುವೆ ನೀರಿನಲ್ಲಿ ನಿಂತು, ಒಂದೊಂದೇ ಬಸವನಹುಳ ಎತ್ತಿ, ಒರೆಸಿ, ಅದರ ಚಿಪ್ಪಿಗೆ ಉಗುರುಬಣ್ಣ ಹಚ್ಚುತ್ತಿದ್ದಳು. ಒಗೆಯಲು ಬಂದ ಹೆಂಗಸರು ನಕ್ಕೂ ನಕ್ಕೂ ಸುಸ್ತಾದರು.

"ಹುಳಕ್ಕ ಉಗರಬಣ್ಣ ಹಚ್ಚಾಕತ್ತೀಯಲ್ಲ ತಂಗಿ, ಕಾಲ ಎಲ್ಲಿ ಅದಾವ ಅದಕ್ಕ?" ಎಂದು ಮಲ್ಲಕ್ಕ ಕೇಳಿದಳು.

"ಕಾಲು ಒಂದ ಅದರಿ, ಹೊಟ್ಟೀನ ಅದರ ಕಾಲು," ಎಂದು ಹುಡುಗಿ ಸೀರಿಯಸ್ಸಾಗಿಯೇ ಹೇಳಿದಳು.

ಅವಳ ಹೆಸರು ಜ್ಯೋತ್ಸ್ನಾ. ಊರು ನವಲಗುಂದ, ತಂದೆ ಅಲ್ಲಿ ಹೈಸ್ಕೂಲ್ ಮಾಸ್ತರರು. ಅವಳು ಧಾರವಾಡದಲ್ಲಿದ್ದು ಪಿಎಚ್‌ಡಿ ಮಾಡುತ್ತಿದ್ದಾಳೆ, ಅದೂ ಹೊಳೆಯ ಬಸವನಹುಳಗಳ ಬಸಿರು ಬಾಣಂತನದ ಮೇಲೆ. ಇಷ್ಟು ತಿಳಿದುಕೊಳ್ಳಲು ಗುರವ್ವನಿಗೆ ಅರ್ಧ ತಾಸು ಸಾಕಾಯಿತು. ಆ ಅರ್ಧ ತಾಸಿನಲ್ಲಿ ಹುಡುಗಿಗೆ ಮದುವೆಯಾಗಿಲ್ಲ, ಮುಂಜಾನೆ ಏನೂ ತಿಂದಿಲ್ಲ ಎಂಬುದೂ ತಿಳಿಯಿತು. ಮೊದಲನೆಯದಕ್ಕೆ ತಕ್ಷಣ ಮಾಡಬಹುದಾದ್ದೇನೂ ಇರಲಿಲ್ಲ. ಎರಡನೆಯದಕ್ಕೆ ಬುಟ್ಟಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇತ್ತು.

ತಿನ್ನುತ್ತಾ ಜ್ಯೋತ್ಸ್ನಾ ತನ್ನ ವಿದ್ಯೆಯನ್ನೆಲ್ಲ ಗುರವ್ವನ ಅಂಗೈ ಮೇಲೆ ಇಟ್ಟಳು. ಹುಳದ ಮೂತಿಯ ಆಚೀಚೆ ಎರಡು ಮೀಸೆ ಇರುತ್ತವೆ. ಬಲಗಡೆಯದು ಮೊಂಡಾಗಿ ದಪ್ಪಗಿದ್ದರೆ ಗಂಡು, ಎರಡೂ ಸಮನಾಗಿ ಸಪೂರವಾಗಿದ್ದರೆ ಹೆಣ್ಣು. ಬೇರೆ ಜಾತಿಯವು ಎಲೆಯ ಕೆಳಗೆ ಅಂಟಂಟಾದ ತತ್ತಿ ಇಟ್ಟು ಹೋಗಿಬಿಡುತ್ತವೆ. ಇವು ಹಾಗಲ್ಲ. ಇವು ತತ್ತಿಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡು, ಮರಿ ಮಾಡಿ, ಮರಿಗೆ ಚಿಪ್ಪು ಬಂದ ಮೇಲೆಯೇ ಹೊರಗೆ ಬಿಡುತ್ತವೆ. ಒಂದೊಂದರ ಹೊಟ್ಟೆಯಲ್ಲಿ ಸಣ್ಣವು ದೊಡ್ಡವು ಸೇರಿ ಮೂವತ್ತು ನಲವತ್ತು.

"ಹುಟ್ಟತ್ಲೇ ಮನಿ ಹೊತ್ಕೊಂಡ ಬರ್ತಾವ?" ಗುರವ್ವ ಹುಳವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ನಲವತ್ತು ಮಕ್ಕಳ ಬಾಣಂತನ ಯಾರು ಮಾಡ್ತಾರವ್ವ ಇದಕ್ಕ?"

"ಯಾರೂ ಇಲ್ರಿ ಅಜ್ಜಿ. ಅವು ಹುಟ್ಟಿದ ಕೂಡ್ಲೆ ತಮ್ಮ ಪಾಡಿಗೆ ತಾವು."

"ಛಲೋ ಆತು," ಎಂದಳು ಗುರವ್ವ, ಮೂರು ಮಕ್ಕಳನ್ನು ಬೆಳೆಸಿದ ಅನುಭವದಿಂದ.

ಲೆಕ್ಕ ಹೀಗಿತ್ತು. ಆರು ಕಲ್ಲುಗಳಿಗೆ ಆರು ಬಣ್ಣದ ಬೊಟ್ಟು. ಕೆಂಪು ಕಲ್ಲಿನ ಮೇಲೆ ಸಿಕ್ಕ ಇಪ್ಪತ್ತು ಹುಳಕ್ಕೆ ಕೆಂಪು, ಹಳದಿ ಕಲ್ಲಿನವಕ್ಕೆ ಹಳದಿ, ಹೀಗೆ ಒಟ್ಟು ನೂರಾ ಇಪ್ಪತ್ತು. ಬಣ್ಣದ ಮೇಲೆ ಅಕ್ಕಿಕಾಳಿನಷ್ಟು ಚೀಟಿ, ಚೀಟಿಯ ಮೇಲೆ ನಂಬರು. ಹದಿನೈದು ದಿನಕ್ಕೊಮ್ಮೆ ಶನಿವಾರ ಜ್ಯೋತ್ಸ್ನಾ ಬಂದು, ಯಾವ ನಂಬರು ಎಲ್ಲಿದೆ ಎಂದು ಬರೆದುಕೊಂಡು ಹೋಗುತ್ತಾಳೆ. ಗುರವ್ವ ನಾಲ್ಕನೇ ಇಯತ್ತೆಯವರೆಗೆ ಓದಿದವಳು, ಇದು ಏನೆಂದು ಅವಳಿಗೆ ತಡವಾಗದೆ ತಿಳಿಯಿತು. ಇದು ಹಾಜರಿ.

ಮುಂದಿನ ಸಲ ಬಂದಾಗ ಹಾಜರಿಯಲ್ಲಿ ಏಳು ಕಡಿಮೆ ಬಿದ್ದವು. ಹುಡುಗಿ ಸೊಂಟ ನೆಟ್ಟಗೆ ಮಾಡದೆ ಎರಡು ತಾಸು ಹುಡುಕಿ, ದಂಡೆಗೆ ಬಂದು ಕೂತು, "ಏಳು ಸಿಗವಲ್ಲವು ಅಜ್ಜಿ," ಎಂದಳು. ಮುಖ ಬಾಡಿತ್ತು. ಕಳೆದುಹೋದ ದನದ ಒಡೆಯರ ಮುಖ ಹೇಗಿರುತ್ತದೆ ಎಂದು ಗುರವ್ವನಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಕುಂದಗೋಳದ ಕಡೆಯ ಸಂಶಿಯಲ್ಲಿ ಅವಳ ಅಪ್ಪ ಕೊಂಡವಾಡ ನೋಡಿಕೊಳ್ಳುತ್ತಿದ್ದ. ಹೊಲ ಹೊಕ್ಕ ದನಗಳನ್ನು ಊರವರು ತಂದು ಕೂಡುತ್ತಿದ್ದ ಆ ದೊಡ್ಡಿಯ ಬಾಗಿಲಲ್ಲಿ ಅಂಥ ಮುಖಗಳನ್ನು ನೋಡುತ್ತಲೇ ಅವಳು ಬೆಳೆದಿದ್ದಳು.

ಮಾರನೆಯ ದಿನವೇ ಒಂದು ಸಿಕ್ಕಿತು. ಕಲ್ಲುಗಳಿಂದ ಮೂವತ್ತು ಹೆಜ್ಜೆ ಕೆಳಗೆ, ಎಮ್ಮೆಗಳು ಬೀಳುವ ಜಾಗ ದಾಟಿದರೆ, ಒಂದು ಹೊಂಗೆಮರ ಹೊಳೆಯ ಮೇಲೆ ಬಾಗಿದೆ. ಅದರ ಬೇರಿನ ಹಿಂದೆ ನೀರು ಹರಿಯುವುದನ್ನು ಮರೆತು ನಿಂತುಬಿಡುತ್ತದೆ. ಸಣ್ಣ ಮಡು, ಬೆಚ್ಚಗಿನ ನೀರು, ಮೆತ್ತನೆಯ ರಾಡಿ. ಎಮ್ಮೆಯನ್ನು ಎಬ್ಬಿಸಲು ಹೋದ ಗುರವ್ವನಿಗೆ ಅಲ್ಲಿ ಕೆಂಪು ಬೊಟ್ಟು ಕಂಡಿತು. ಎತ್ತಿ ನೋಡಿದಳು. ನಂಬರು ಹದಿನೇಳು.

"ಇಲ್ಲಿಗ್ಯಾಕ ಬಂದಿ ನೀನು?" ಎಂದು ಅದನ್ನು ಕೇಳಿ, ಸೆರಗಿನಲ್ಲಿ ಹಾಕಿಕೊಂಡು ಬಂದು ಕೆಂಪು ಕಲ್ಲಿಗೆ ಅಂಟಿಸಿದಳು. ಕೈ ತೊಳೆದುಕೊಂಡಳು. ಯಾರಿಗೂ ಹೇಳಲಿಲ್ಲ. ಹೇಳುವುದೇನಿದೆ ಅದರಲ್ಲಿ?

ಶಿವರಾತ್ರಿಯ ಹೊತ್ತಿಗೆ ಇದು ದಿನದ ಕೆಲಸವಾಯಿತು. ಎಮ್ಮೆ ನೀರಿಗೆ ಬಿದ್ದ ಮೇಲೆ ಒಂದು ಸುತ್ತು ಮಡುವಿನ ಕಡೆ ಹೋಗುವುದು, ತಂಬಿಗೆಯಲ್ಲಿ ಹುಳ ತುಂಬಿಕೊಳ್ಳುವುದು, ಬಣ್ಣ ನೋಡಿ ಆಯಾ ಕಲ್ಲಿಗೆ ಬಿಡುವುದು. ಮೊದಲು ದಿನಕ್ಕೆ ಎರಡು ಮೂರು. ಬಿಸಿಲು ಏರಿದಂತೆ ಎಂಟು, ಹತ್ತು. ಬಸವಣ್ಣನ ಹೆಸರಿಟ್ಟುಕೊಂಡ ಹುಳ ಎಂಬ ಭಕ್ತಿಯೂ ಇತ್ತು, ಹುಡುಗಿಯ ಮುಖ ಬಾಡಬಾರದು ಎಂಬ ಆಸೆಯೂ ಇತ್ತು. ಯಾವುದು ಹೆಚ್ಚು ಎಂದು ಕೇಳಿದರೆ ಹುಡುಗಿಯೇ ಹೆಚ್ಚು ಎಂದು ಅವಳು ಒಪ್ಪಿಕೊಳ್ಳುತ್ತಿದ್ದಳು.

ಏಕೆಂದರೆ ಆ ಶನಿವಾರಗಳು ಅವಳಿಗೆ ಬೇಕಾಗಿದ್ದವು. ಜ್ಯೋತ್ಸ್ನಾ ಬಸ್ಸಿಳಿದು ನೇರ ಅವರ ಮನೆಗೆ ಬರುತ್ತಿದ್ದಳು. ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಶೈಲಶ್ರೀಯ ಹತ್ತಿರ ಕುಪ್ಪಸದ ಹೊಲಿಗೆಯ ಮಾತಾಡಿ, ಶಂಕ್ರಪ್ಪನ ಹಳೆಯ ಜೋಕಿಗೆ ನಕ್ಕು, ಆಮೇಲೆ ಗುರವ್ವನ ಜೊತೆ ಹೊಳೆಗೆ ಇಳಿಯುತ್ತಿದ್ದಳು. ಅವಳು ಲೆಕ್ಕ ಹಾಕುವಾಗ ಗುರವ್ವ ಮಾತಾಡುತ್ತಿರಲಿಲ್ಲ. ಮಾತಾಡದೆ ಒಂದು ತಾಸು ಕೂರುವುದು ಗುರವ್ವನ ಬದುಕಿನಲ್ಲಿ ಬೇರೆ ಯಾರಿಗಾಗಿಯೂ ಆದದ್ದಲ್ಲ.

ಹಾಜರಿ ಪ್ರತಿ ಸಲ ಪೂರ್ತಿ ಸಿಗತೊಡಗಿತು. ಒಂದೆರಡು ಸತ್ತದ್ದು, ಹಕ್ಕಿ ತಿಂದದ್ದು ಬಿಟ್ಟರೆ ಉಳಿದವೆಲ್ಲ ತಮ್ಮ ತಮ್ಮ ಕಲ್ಲಿನ ಮೇಲೆ. ಹುಡುಗಿ ಬರೆದುಕೊಳ್ಳುತ್ತಾ ಹುಬ್ಬು ಗಂಟು ಹಾಕುವುದನ್ನು, ಮತ್ತೆ ತನ್ನಷ್ಟಕ್ಕೆ ನಗುವುದನ್ನು ನೋಡಿ ಗುರವ್ವ ಒಳಗೊಳಗೇ ಹಿಗ್ಗುತ್ತಿದ್ದಳು.

ಜುಲೈನಲ್ಲಿ ಹೊಳೆ ತುಂಬಿ ಕಲ್ಲುಗಳೆಲ್ಲ ಮುಳುಗಿದವು. ಜ್ಯೋತ್ಸ್ನಾಗೆ ಒಂದು ತಿಂಗಳು ಬರಲಾಗಲಿಲ್ಲ. ಫೋನ್ ಮಾಡಿ, "ಎಲ್ಲಾ ಕೊಚ್ಚಿಕೊಂಡ ಹೋಗಿರತಾವ ಅಜ್ಜಿ, ನಂದು ಮುಗೀತು," ಎಂದಳು. ನೀರಿಳಿದ ಮೊದಲ ದಿನ ಗುರವ್ವ ಬಕೀಟು ಹಿಡಿದು ಹೊರಟಳು. ಹೊಂಗೆಯ ಬೇರಿನ ಸಂದಿಯಲ್ಲಿ, ಮಡುವಿನ ರಾಡಿಯಲ್ಲಿ, ಹಜರತಅಲಿಯ ಗದ್ದೆಗೆ ನುಗ್ಗಿದ ನೀರಿನ ಅಂಚಿನಲ್ಲಿ, ಮೂರು ದಿನ ಹುಡುಕಿ ತೊಂಬತ್ತಾರು ಹುಳ ಆರಿಸಿದಳು. ಸೊಂಟ ಹಿಡಿದು ಮಲಗಿದವಳಿಗೆ ಶಂಕ್ರಪ್ಪ ಎಣ್ಣೆ ತಿಕ್ಕುತ್ತಾ, "ಎಮ್ಮಿ ಹೋದರೂ ಹಿಂಗ ಹುಡುಕಿದಾಕಿ ಅಲ್ಲ ನೀನು," ಎಂದ. ಅವಳು ಮುಖ ಗೋಡೆಗೆ ತಿರುಗಿಸಿಕೊಂಡು ನಕ್ಕಳು.

ಆ ಶನಿವಾರ ಜ್ಯೋತ್ಸ್ನಾ ನೀರಿಗಿಳಿದು, ಕೆಂಪು ಕಲ್ಲಿನ ಮೇಲೆ ಕೆಂಪು ಹುಳಗಳನ್ನು, ನೀಲಿಯ ಮೇಲೆ ನೀಲಿಯವನ್ನು ಕಂಡು, ಬಾಯಿ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನಿಂತಳು. ಅಂಥ ಸಂತೋಷವನ್ನು ಒಬ್ಬರಿಗೆ ಕೊಡುವುದು ಎಲ್ಲರಿಗೂ ಸಿಗುವ ಭಾಗ್ಯವಲ್ಲ ಎಂದುಕೊಂಡು ಗುರವ್ವ ಅರಿವೆ ಹಿಂಡಿದಳು.

ಸೆಪ್ಟೆಂಬರಿನಲ್ಲಿ ಒಂದು ಶನಿವಾರ ಹುಡುಗಿ ಡಬ್ಬಿ ತುಂಬ ಬೇಸನ್ ಉಂಡಿ ತಂದಳು. ತಾಯಿ ದ್ವಾರಕಾಬಾಯಿ ಮಾಡಿ ಕಳಿಸಿದ್ದು. ಒಂದನ್ನು ತಾನೇ ಗುರವ್ವನ ಬಾಯಿಗೆ ಇಟ್ಟು, ಪಕ್ಕದಲ್ಲಿ ಕೂತಳು.

"ಅಜ್ಜಿ, ಒಂದು ದೊಡ್ಡ ಮಾತು ಸಿಕ್ಕದರಿ ನನಗ. ಯಾರೂ ಎಲ್ಲೂ ಬರದಿಲ್ಲ. ಇವು ತಮ್ಮ ಕಲ್ಲು ಬಿಡೂದಿಲ್ಲ. ಅಷ್ಟ ದೊಡ್ಡ ಪ್ರವಾಹ ಬಂದ್ರೂ ತಿರುಗಿ ತಮ್ಮ ಕಲ್ಲಿಗೇ ಬಂದಾವ. ನನ್ನ ಗೈಡು ಪ್ರಭಂಜನ ಸರ್ ಏನಂತಿದ್ರು ಗೊತ್ತದ? ಮರಿ ಹಾಕೋ ಮುಂದ ಅವು ಜೋರು ನೀರು ಬಿಟ್ಟು ನಿಂತ ನೀರಿಗೆ ಹೋಗಬೇಕು, ಅಲ್ಲೇ ಮರಿ ಬದುಕತಾವ, ಸರಿಯಾಗಿ ನೋಡು ಅಂತಿದ್ರು. ಮರಿ ಎಲ್ಲಾ ಆ ಹೊಂಗಿ ಮಡುವಿನ್ಯಾಗ ಸಿಗ್ತಾವ, ಖರೆ. ಆದ್ರ ತಾಯಂದಿರು ಒಬ್ಬರೂ ಅಲ್ಲಿಲ್ಲ. ಅಂದ್ರ ಕಲ್ಲಿನ ಮ್ಯಾಲೇ ಹಡೀತಾವ, ಮರಿಗಳನ್ನ ನೀರು ಒಯ್ದು ಮಡುವಿಗೆ ಬಿಡ್ತದ. ಬರೋ ಶುಕ್ರವಾರ ದೊಡ್ಡ ಸಭಾ ಅದ. ಬ್ಯಾರೆ ಬ್ಯಾರೆ ಕಡೆಯಿಂದ ಬಸವನಹುಳದ ಬಗ್ಗೆ ಓದಿದವರೆಲ್ಲ ಬರ್ತಾರ. ಅವರ ಮುಂದ ನಾ ಹೇಳ್ತೀನಿ."

ಗುರವ್ವ ಉಂಡಿಯ ಡಬ್ಬಿಗೆ ಮುಚ್ಚಳ ಹಾಕಿದಳು. ಹುಡುಗಿ ಇನ್ನೂ ಏನೇನೋ ಹೇಳುತ್ತಿದ್ದಳು. ಗುರವ್ವನಿಗೆ ಕೇಳಿಸಿದ್ದು ಇಷ್ಟು: ಹುಳ ತಾವಾಗಿ ಬಂದವು ಎಂದು ಈ ಹುಡುಗಿ ಊರ ಮುಂದೆ ನಿಂತು ಹೇಳುತ್ತಾಳೆ, ತಂದವಳು ನಾನು. ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ಅಷ್ಟರಲ್ಲಿ ರಸ್ತೆಯ ಮೇಲೆ ಕಲಘಟಗಿ ಬಸ್ಸಿನ ಹಾರ್ನ್ ಕೇಳಿತು. ಜ್ಯೋತ್ಸ್ನಾ ಅವಳ ಕಾಲು ಮುಟ್ಟಿ, ಬ್ಯಾಗು ಎತ್ತಿಕೊಂಡು ಓಡಿದಳು. ಬಸ್ಸಿನ ಮೇಲೆ ತಪ್ಪು ಹೊರಿಸುವುದು ಸುಲಭ. ನಿಜ ಹೇಳಬೇಕೆಂದರೆ ಆ ಮುಖ ನೋಡುತ್ತಾ ಹೇಳುವ ಧೈರ್ಯ ಗುರವ್ವನಿಗೆ ಆಗಲಿಲ್ಲ.

ಆ ದಿನ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದಳು.

ಶಂಕ್ರಪ್ಪ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. "ಸುಮ್ನಿರು. ಹುಳ ಏನ ಬಂದು ಸಾಕ್ಷಿ ಹೇಳತಾವ? ಆ ಹುಡುಗಿ ಅಷ್ಟ ಖುಷೀಲೆ ಐತಿ. ನೀ ಹೇಳಿದ್ರ ಒಂದ ವರ್ಷದ ಕೆಲಸ ಹೊಳಿ ಪಾಲು. ಮತ್ತ ಈ ಊರಿನ ಮಾರಿ ನೋಡ್ತಾಳೇನು ಆಕಿ?"

ಅದೇ ಗುರವ್ವನ ಭಯವೂ ಆಗಿತ್ತು. ಹೇಳಿದರೆ ಹುಡುಗಿಯ ವರ್ಷ ಹಾಳು, ಹುಡುಗಿಯೂ ಕೈಬಿಟ್ಟು ಹೋಗುತ್ತಾಳೆ. ಹೇಳದಿದ್ದರೆ ಎಲ್ಲರೂ ಸುಖ. ಆದರೆ ನಾಳೆ ಇನ್ನಾರೋ ಒಬ್ಬರು ಬಂದು ಹುಳಕ್ಕೆ ಬಣ್ಣ ಹಚ್ಚಿ ನೋಡಿದರೆ? ಅವರ ಹುಳ ಹೊಂಗೆಮರಕ್ಕೆ ಹೋಗಿ ಕೂತರೆ? ಆಗ ಸುಳ್ಳಿ ಎನಿಸಿಕೊಳ್ಳುವವಳು ಗುರವ್ವ ಅಲ್ಲ, ಆ ಹುಡುಗಿ.

ಭಾನುವಾರ ಹೊಳೆಗೆ ಹೋದವಳು ಮಡುವಿನ ಹತ್ತಿರ ಸುಳಿಯಲಿಲ್ಲ. ಕೈ ಚಡಪಡಿಸಿತು, ಸೀರೆ ಎರಡು ಸಲ ಒಗೆದಳು. ಸೋಮವಾರವೂ ಹಾಗೇ. ಮಂಗಳವಾರ ಹೋಗಿ ನೋಡಿಯೇ ಬಿಟ್ಟಳು, ಮುಟ್ಟದೆ. ಕೆಂಪು, ನೀಲಿ, ಹಳದಿ, ಹಸಿರು. ಹೆಚ್ಚುಕಡಿಮೆ ಇಪ್ಪತ್ತು. ರಾಡಿಯಲ್ಲಿ ಅರ್ಧ ಹುಗಿದುಕೊಂಡು ನೆಮ್ಮದಿಯಿಂದ ಕೂತಿದ್ದವು. ಸುತ್ತ ಜೋಳದ ಕಾಳಿನಷ್ಟು ಮರಿಗಳು, ಎಳೆ ಚಿಪ್ಪಿನವು, ಅದೇ ತಾನೆ ಹುಟ್ಟಿದವು. ಗುರವ್ವ ಕುಕ್ಕರಗಾಲಲ್ಲಿ ಕೂತು ಬಗ್ಗಿ ಒಂದೊಂದರ ಮೀಸೆ ನೋಡಿದಳು. ಎಲ್ಲ ಹೆಣ್ಣು. ನೆರೆಯ ದಿನಗಳನ್ನು ಬಿಟ್ಟರೆ ಏಳು ತಿಂಗಳಿಂದ ತಾನು ಹೊತ್ತವೆಲ್ಲ ಬಸುರಿಯರೇ, ಕೈಗೆ ಭಾರವಾಗಿದ್ದವು. ಅದು ಅವಳಿಗೆ ಗೊತ್ತೂ ಇತ್ತು. ಆದರೆ ಯಾಕೆ ಎಂದು ಕೇಳಿಕೊಂಡಿರಲಿಲ್ಲ.

ಮೊದಲ ಬಸಿರಿನ ಏಳನೇ ತಿಂಗಳಲ್ಲಿ ಗುರವ್ವನನ್ನು ಕರೆದೊಯ್ಯಲು ಸಂಶಿಯಿಂದ ಅಪ್ಪ ಬಂದಿದ್ದ. ಸುಗ್ಗಿ ಮುಗಿಯಲಿ ಎಂದು ಅತ್ತೆ ಕಳಿಸಲಿಲ್ಲ. ಸುಗ್ಗಿ ಮುಗಿಯಿತು, ಆಮೇಲೆ ಇನ್ನೊಂದು ನೆಪ ಬಂತು. ಒಂದು ದಿನ ಗುರವ್ವ ಯಾರಿಗೂ ಹೇಳದೆ ಗಂಟು ಕಟ್ಟಿಕೊಂಡು ಕಲಘಟಗಿಗೆ ನಡೆದು, ಬಸ್ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಾ ಕೂತಳು. ಸಂತೆಗೆ ಬಂದಿದ್ದ ಮೈದುನ ನೋಡಿದ. ವೈನಿ ಒಬ್ಬಳೇ ದಾರಿ ತಪ್ಪಿ ಕೂತಿದ್ದಾಳೆ ಎಂದುಕೊಂಡ. ಗಂಟು ತಾನೇ ಹೊತ್ತು, ಮಂಡಕ್ಕಿ ಕೊಡಿಸಿ, ಮರ್ಯಾದೆಯಿಂದ ಮನೆಗೆ ಕರೆತಂದು ಬಿಟ್ಟ. ಯಾರೂ ಬೈಯಲಿಲ್ಲ. ಕೂಸೂ ಚೆನ್ನಾಗಿಯೇ ಹುಟ್ಟಿತು. ಮೈದುನ ಬಂಗಾರದಂಥ ಮನುಷ್ಯ, ಇವತ್ತಿಗೂ ಅವನ ಮೇಲೆ ಅವಳಿಗೆ ಸಿಟ್ಟಿಲ್ಲ. ಆದರೆ ಅವನು ಕೊಡಿಸಿದ ಆ ಮಂಡಕ್ಕಿಯನ್ನು ತಿನ್ನಲು ಅವಳಿಂದ ಆಗಿರಲಿಲ್ಲ.

"ಹಡಿಯಾಕ ತವರಿಗೆ ಹೊಂಟವರನ್ನ," ಎಂದು ಮಡುವಿನ ದಂಡೆಯಲ್ಲಿ ಕೂತು ಗುರವ್ವ ಗಟ್ಟಿಯಾಗಿಯೇ ಅಂದಳು, "ನಾ ತಂದು ತಂದು ಗಂಡನ ಮನ್ಯಾಗ ಬಿಟ್ಟೆ." ಹಾಗೆಂದವಳಿಗೆ ಅಳು ಬಂತು. ಹತ್ತಿರ ಎಮ್ಮೆಗಳ ಹೊರತು ಯಾರೂ ಇರಲಿಲ್ಲ, ಅತ್ತಳು.

ಸಂಜೆ ಶೈಲಶ್ರೀಯಿಂದ ಫೋನ್ ಹಚ್ಚಿಸಿ, "ನಾಳೆ ಬಾ ಯವ್ವಾ. ಒಂದು ತೋರಸೂದೈತಿ. ಫೋನಿನ್ಯಾಗ ಬರೂದಲ್ಲ ಅದು," ಎಂದಳು.

ಬುಧವಾರ ಜ್ಯೋತ್ಸ್ನಾ ಬಂದಳು. ಗುರವ್ವ ಚಹಾ ಕೊಡಲಿಲ್ಲ, ಕೂರು ಎನ್ನಲಿಲ್ಲ, ಕೈ ಹಿಡಿದುಕೊಂಡು ನೇರ ಹೊಂಗೆಮರದ ಹತ್ತಿರ ಕರೆದೊಯ್ದು ನೀರು ತೋರಿಸಿದಳು. ಹುಡುಗಿ ಬಗ್ಗಿದಳು. ಮೊದಲು ಮುಖ ಅರಳಿತು. ಆಮೇಲೆ ಬಣ್ಣಗಳನ್ನು ಎಣಿಸುತ್ತಾ ಎಣಿಸುತ್ತಾ ಮುಖದ ನೆತ್ತರು ಇಳಿಯಿತು.

"ಇವು ಇಲ್ಲಿಗೆ ಹೆಂಗ ಬಂದ್ವು?"

"ಯಾವಾಗ್ಲೂ ಬರ್ತಿದ್ವು. ದಿನಾ ಮುಂಜಾನೆ ಆರಿಸಿ ಒಯ್ದು ಕಲ್ಲಿಗೆ ಬಿಟ್ಟಾಕಿ ನಾನು. ಶಿವರಾತ್ರಿ ಮುಂಚಿನಿಂದ. ಹೊಳಿ ಬಂದಾಗ್ಲೂ. ಈ ನಾಕ ದಿನ ಬಿಟ್ಟೀನಿ ಅಷ್ಟ."

ಜ್ಯೋತ್ಸ್ನಾ ಎದ್ದು ನಿಂತಳು. ಮತ್ತೆ ಕೂತಳು. "ನನಗ ಯಾಕ ಹೇಳಲಿಲ್ರಿ?"

"ತಪ್ಪಿಸಿಕೊಂಡ ದನ ತಂದು ಕಟ್ಟಿದ್ದು ಯಾರರ ಹೇಳತಾರೇನವ್ವ? ನಿನ್ನ ಬಣ್ಣ ಇತ್ತು ಅವುಗಳ ಮ್ಯಾಲೆ. ನಿನ್ನ ಗೂಟಕ್ಕ ಕಟ್ಟಿದೆ. ಶನಿವಾರ ನೀ ಹೇಳಿದಾಗ ನನಗ ತಿಳೀತು, ಅವತ್ತ ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ಅದೊಂದು ನನ್ನ ತಪ್ಪು."

 ಗುರವ್ವ ಬೈಗುಳಕ್ಕೆ ಸಿದ್ಧಳಾಗಿ ನಿಂತಳು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಜ್ಯೋತ್ಸ್ನಾ ಬೈಯಲಿಲ್ಲ. ಫೋನ್ ತೆಗೆದು, ಒರೆಸಿಕೊಳ್ಳದ ಕಣ್ಣಿನಲ್ಲೇ ನಂಬರು ಒತ್ತಿದಳು.

"ಸರ್, ನಂದು ತಪ್ಪಾಗೇದರಿ. ಶುಕ್ರವಾರ ನಾ ಹೇಳಬೇಕಂದದ್ದು ಸುಳ್ಳದ." ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.  ಆಮೇಲೆ ಆ ಕಡೆಯವರು ಏನೋ ಕೇಳಿದರು. ಜ್ಯೋತ್ಸ್ನಾ ಆಶ್ಚರ್ಯದಿಂದ ಫೋನನ್ನು ಗುರವ್ವನ ಕೈಗೆ ಕೊಟ್ಟಳು.

"ನಮಸ್ಕಾರ್ರೀ ಅಮ್ಮಾರ, ನಾ ಪ್ರಭಂಜನ ಅಂತ. ಒಂದ ಹುಳ ಕಲ್ಲಿಗೆ ಒಯ್ದು ಬಿಟ್ಟ ಮ್ಯಾಲೆ, ತಿರುಗಿ ಮಡುವಿಗೆ ಬರಾಕ ಎಷ್ಟ ದಿನ ತಗೋತಿತ್ತರಿ?"

"ಒಂದೊಂದು ಒಂದೊಂದ ಥರಾ ರೀ. ಕೆಂಪು ಹದಿನೇಳು ಭಾಳ ಜಿದ್ದಿಂದು, ನಾಕ ದಿನಕ್ಕ ಹಾಜರ್. ಹಳದೀವು ಮೈಗಳ್ಳರು, ವಾರ ಬೇಕು. ಗಂಡು ಮಾತ್ರ ಒಂದೂ ಬರಲಿಲ್ಲ ನೋಡ್ರಿ. ನೆರಿ ಬಂದಾಗಿನ ಮಾತು ಬ್ಯಾರೆ, ಆವಾಗ ಎಲ್ಲಾ ಬಂದಿದ್ವು."

"ಹದಿನೇಳನ್ನ ಎಷ್ಟ ಸಲ ತಂದು ಬಿಟ್ಟಿರಿ?"

"ಹದಿನೈದಿಪ್ಪತ್ತ ಸಲ ಆಗಿರಬೇಕ್ರಿ."

"ಬರದಿಟ್ಟೀರೇನು?"

"ಇಲ್ರಿ."

ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು ಬಂತು. "ಅಮ್ಮಾರ, ಇಪ್ಪತ್ತ ಸಲ ಎತ್ತಿ ತಂದ್ರೂ ಇಪ್ಪತ್ತ ಸಲಾನೂ ಹೋಗೇದಂದ್ರ, ಅದು ಬೇಕಂತ ಹೋಗೇದ. ಬೇಕಂತ ಮಾಡಿದ್ರೂ ನಮ್ಮ ಕೈಲೆ ಇಂಥಾ ಪರೀಕ್ಷಾ ಆಗ್ತಿದ್ದಿಲ್ಲ. ಬರದಿಟ್ಟಿದ್ರ ಬಂಗಾರ ಆಗಿರತಿತ್ತು. ಆಕಿಗೆ ಕೊಡ್ರಿ ಫೋನು."

ಮಾತು ಮುಗಿಸಿ ಜ್ಯೋತ್ಸ್ನಾ ಫೋನನ್ನು ಬ್ಯಾಗಿಗೆ ಹಾಕಿದಳು. ಶುಕ್ರವಾರ ಅವಳು ಮಾತಾಡುವುದಿಲ್ಲ. ಈ ವರ್ಷದ ಹಾಜರಿ ಯಾವುದಕ್ಕೂ ಬರುವುದಿಲ್ಲ. ಅಜ್ಜಿಯ ನೆನಪನ್ನು ಪಿಎಚ್‌ಡಿಯಲ್ಲಿ ಬರೆಯಲಾಗುವುದಿಲ್ಲ.

"ಮತ್ತ ಮೊದಲಿಂದ ಮಾಡಬೇಕರಿ," ಎಂದಳು. "ಬರೋ ಸಂಕ್ರಾಂತಿಯಿಂದ. ಇನ್ನೂ ಒಂದ ವರ್ಷ ನಿಮ್ಮೂರಿಗೆ ಅಲೆಯೋದಾತು."

ಇನ್ನೂ ಒಂದು ವರ್ಷ. ಗುರವ್ವನ ಎದೆಯಲ್ಲಿ ಸಂತೋಷ ಒಮ್ಮೆಲೇ ಉಕ್ಕಿ ಬಂತು, ಅದರ ಬೆನ್ನಿಗೇ ನಾಚಿಕೆಯೂ ಬಂತು. ಹುಡುಗಿಯ ವರ್ಷ ಹಾಳು ಮಾಡಿ ತಾನು ಖುಷಿ ಪಡುವುದೇ? ಆದರೆ ಮುಖ ಯಾರ ಮಾತು ಕೇಳುತ್ತದೆ! ಜ್ಯೋತ್ಸ್ನಾ ಅದನ್ನು ನೋಡಿಬಿಟ್ಟಳು.

"ನಗಾಕತ್ತೀರಲ್ಲ ಅಜ್ಜಿ."

"ಇಲ್ಲವ್ವ," ಎಂದು ಗುರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಬಾ, ಮುಂಜಾನಿಂದ ಏನೂ ತಿಂದಿರಾಕಿಲ್ಲ ನೀನು."

ಹುಡುಗಿಗೂ ನಗು ತಡೆಯಲಾಗಲಿಲ್ಲ. ಅಳುವೂ ಪೂರ್ತಿ ನಿಂತಿರಲಿಲ್ಲ. ಎರಡನ್ನೂ ಮಾಡುತ್ತಾ ಗುರವ್ವನ ಹಿಂದೆ ದಂಡೆ ಹತ್ತಿದಳು. ಆ ದಿನ ಅವಳು ನಾಲ್ಕು ರೊಟ್ಟಿ ತಿಂದಳು.

ಸಂಕ್ರಾಂತಿ ಕಳೆದು ಮತ್ತೆ ಬಂದಾಗ ಹೊಸ ಉಗುರುಬಣ್ಣದ ಸೀಸೆಗಳ ಜೊತೆ ಒಂದು ನೂರು ಪುಟದ ನೋಟಬುಕ್ಕು ತಂದಿದ್ದಳು. ಅದು ಗುರವ್ವನಿಗೆ. ಕರಾರು ಒಂದೇ: ನೋಡಬೇಕು, ಬರೆಯಬೇಕು, ಮುಟ್ಟಬಾರದು. ಗುರವ್ವ ತಲೆಯಾಡಿಸಿದಳು. ಐವತ್ತು ವರ್ಷದ ಮೇಲಾಗಿ ಪೆನ್ನು ಹಿಡಿಯದವಳು ಮೊದಲ ಪುಟದ ಮೇಲೆ "ಶ್ರೀ ಗುರುಬಸವಲಿಂಗಾಯ ನಮಃ" ಎಂದು ಬರೆಯಲು ಒಂದು ಮಧ್ಯಾಹ್ನ ತೆಗೆದುಕೊಂಡಳು.

ಬರೆಯುವುದು ಸುಲಭ, ಮುಟ್ಟದಿರುವುದು ಕಷ್ಟ ಎಂದು ಅವಳಿಗೆ ಮೊದಲ ವಾರದಲ್ಲೇ ತಿಳಿಯಿತು. ಕಲ್ಲಿನಿಂದ ಜಾರಿ ಹೊರಟ ಹುಳ ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಎಮ್ಮೆಯ ಕಾಲಿನ ಪಕ್ಕದಲ್ಲೇ ಒಂದು ತೆವಳುತ್ತಿದ್ದರೆ ಎದೆ ಬಡಿದುಕೊಳ್ಳುತ್ತಿತ್ತು. ಎಮ್ಮೆಯನ್ನು ಸರಿಸಬಹುದೇ ಎಂದು ಫೋನ್ ಮಾಡಿ ಕೇಳಿದಳು. ಸರಿಸಬಹುದು ಎಂದು ಉತ್ತರ ಬಂತು, ಆಗ ಸಮಾಧಾನ. ಅವಳು ಎರಡೂ ಕೈ ಕಟ್ಟಿಕೊಂಡು ಹೊಳೆಯಲ್ಲಿ ನಿಲ್ಲುವುದನ್ನು ನೋಡಿ ಮಲ್ಲಕ್ಕ, "ಪೂಜಾಕ ನಿಂತೀಯೇನ ಗುರವ್ವಾ?" ಎಂದು ಕಾಡಿಸಿದಳು.

ಜುಲೈ ಕೊನೆಗೆ ಜ್ಯೋತ್ಸ್ನಾ ಕಟ್ಟೆಯ ಮೇಲೆ ಕೂತು ನೋಟಬುಕ್ಕು ಓದತೊಡಗಿದಳು. ಗುರವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಬಡಿಯುವ ಸದ್ದು ಹೊರಗೆ ಕೇಳುತ್ತಿತ್ತು. ಅಕ್ಷರ ದೊಡ್ಡವು, ಗೆರೆ ಬಿಟ್ಟು ಬೇರೆ ದಾರಿ ಹಿಡಿದಿದ್ದವು. ಆದರೆ ತಾರೀಖು, ಬಣ್ಣ, ನಂಬರು, ಜಾಗ ಎಲ್ಲ ನೆಟ್ಟಗಿತ್ತು. ಪ್ರತಿ ಸಾಲಿನ ಕೊನೆಗೂ ಒಂದೇ ಮಾತು, ಯಾರೂ ಕೇಳದಿದ್ದರೂ. ಹಸಿರು ೪, ಹಸಿರು ಕಲ್ಲಿನ ಬುಡಕ್ಕ, ಮುಟ್ಟಿಲ್ಲ. ನೀಲಿ ೧೧, ಎಮ್ಮಿ ಬೀಳೂ ಜಾಗಾ, ಮುಟ್ಟಿಲ್ಲ. ಹುಡುಗಿ ಮುಗುಳ್ನಗುತ್ತಾ ಪುಟ ತಿರುಗಿಸುತ್ತಾ ಹೋದಳು. ಜುಲೈ ಒಂಬತ್ತರಿಂದ ಶುರುವಾಗುವ ಪುಟಕ್ಕೆ ಬಂದಾಗ ನಿಂತಳು, ಮತ್ತೊಮ್ಮೆ ಓದಿದಳು.

"ಕೆಂಪು ೬. ಹೊಟ್ಟಿ ಭಾಳ ಭಾರ ಐತಿ. ಮುಂಜಾನೆ ಕಲ್ಲು ಬಿಟ್ಟಳು. ನೀರು ಜೋರು ಐತಿ. ಮುಟ್ಟಿಲ್ಲ. ಎರಡು ಸಲ ಉರುಳಿದಳು. ಮುಟ್ಟಿಲ್ಲ. ನಾ ದಂಡಿ ಮ್ಯಾಲೆ ಬಾಜೂಕ ನಡಕೋತ ಹ್ವಾದೆ. ಮಧ್ಯಾನ ಊಟಕ್ಕ ಹೋಗಲಿಲ್ಲ. ಮುಟ್ಟಿಲ್ಲ. ಮೂರನೇ ದಿನಾ ಹೊಂಗಿ ಗಿಡಕ್ಕ ಮುಟ್ಟಿದಳು. ತನ್ನಷ್ಟಕ್ಕ ತಾನ ಹ್ವಾದಳು. ಯಾರೂ ತಿರುಗಿಸಿ ತರಲಿಲ್ಲ."